ಕೆಂಪು ದಾರ ಕಟ್ಟಿ ಕಲಿಸಿದ ನಾಟಕದ ಪಾಠ

ಬಾದಾಮಿ ತಾಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ನಾನು 7ನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಗ್ಯಾದರಿಂಗಿಗೆ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, 20 ನಿಮಿಷದ ನಾಟಕ ಮಾಡಿಸಬೇಕಿತ್ತು. ಮೊದಲ ದಿನ ಬೋರ್ಡ್ ತುಂಬ ಬರೆದೆ: ರಂಗಸಜ್ಜಿಕೆ, ಪರಿಕರ, ಸ್ವಗತ, ಪ್ರವೇಶ, ನಿರ್ಗಮನ. ಮಕ್ಕಳು ಅಚ್ಚುಕಟ್ಟಾಗಿ ಬರೆದುಕೊಂಡರು. ಮರುದಿನ ಕೇಳಿದರೆ ಒಬ್ಬರ ಬಾಯಲ್ಲೂ ಒಂದು ಪದ ಇಲ್ಲ.

"ಬನಶಂಕರಿ ಜಾತ್ರ್ಯಾಗ ನಾಟಕ ನೋಡೀರೇನು?" ಎಂದೆ. ಎಲ್ಲ ಕೈ ಮೇಲೆದ್ದವು. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಅಲ್ಲಿ ವಾರಗಟ್ಟಲೆ ಕಂಪನಿ ನಾಟಕ ನಡೆಯುತ್ತವೆ, ಅಲ್ವಾ? ಪರದೆ, ಸೀನು, ಪಾರ್ಟು, ತಾಲೀಮು ಎಲ್ಲ ಅವರ ಬಾಯಲ್ಲೇ ಬಂತು. "ನಮ್ಮಜ್ಜ ಪಾರಿಜಾತದಾಗ ಹಿಮ್ಮೇಳಕ್ಕ ಇದ್ದಾರೀ ಸರ," ಎಂದಳು ಒಬ್ಬಳು. ಪಾರಿಜಾತ ಎಂದರೆ ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತ ಬಯಲಾಟ. ಬೋರ್ಡ್ ಒರೆಸಿ ಎಲ್ಲರನ್ನೂ ಹೊರಗೆ ಕರೆದೊಯ್ದೆ.

ಧ್ವಜದ ಕಟ್ಟೆ ಮುಂದೆ ಸುಣ್ಣದ ಪುಡಿಯಿಂದ ರಂಗ ಬರೆದು 9 ಮನೆ ಮಾಡಿದೆ. ಜನರಿಗೆ ಮುಖ ಮಾಡಿ ನಿಂತ ನಟನ ಎಡಗೈ ಯಾವ ಕಡೆಗೋ ಅದೇ ರಂಗದ ಎಡ. ಹೇಳೋದು ಸುಲಭ. ಎದುರಿಗೆ ಕೂತ ನಾನೇ ಎಡವಿ, ನನ್ನ ಎಡವನ್ನು ಹೇಳಿಬಿಟ್ಟೆ. ಇಬ್ಬರು ಹುಡುಗರು ಹಣೆಗೆ ಹಣೆ ಗುದ್ದಿಕೊಂಡರು. ಅವತ್ತೇ ಎಲ್ಲರ ಬಲಗೈಗೆ ಕೆಂಪು ದಾರ ಕಟ್ಟಿದೆ. ಆಮೇಲೆ ನಾನು "ರಂಗದ ಬಲ" ಎಂದರೆ ಸಾಕು, ಮೊದಲು ದಾರ ನೋಡುತ್ತಿದ್ದರು.

ರಂಗದ ಹಿಂಭಾಗಕ್ಕೆ ಇಂಗ್ಲಿಷಿನಲ್ಲಿ ಅಪ್‌ಸ್ಟೇಜ್, ಜನರ ಹತ್ತಿರದ ಭಾಗಕ್ಕೆ ಡೌನ್‌ಸ್ಟೇಜ್ ಎನ್ನುತ್ತಾರೆ. "ನೆಲ ಸಮ ಐತಲ್ರೀ ಸರ, ಮ್ಯಾಲ ಎಲ್ಲೈತಿ?" ಎಂದ ಒಬ್ಬ. ಸರಿಯಾದ ಪ್ರಶ್ನೆ! ಯುರೋಪಿನ ಹಳೆಯ ರಂಗಮಂದಿರಗಳಲ್ಲಿ ರಂಗದ ನೆಲ ಜನರ ಕಡೆಗೆ ಇಳಿಜಾರಾಗಿತ್ತು. ಹಿಂದೆ ಹೋಗುವುದೆಂದರೆ ನಿಜಕ್ಕೂ ಏರುವುದೇ. ಒಂದು ಹಲಗೆಯ ತುದಿಗೆ ಇಟ್ಟಿಗೆ ಕೊಟ್ಟು ಗೋಲಿಗುಂಡು ಉರುಳಿಸಿ ತೋರಿಸಿದೆ. ಮತ್ತೆ ಹೇಳುವ ಪ್ರಸಂಗವೇ ಬರಲಿಲ್ಲ.

ಪರಿಕರಕ್ಕೆ ಒಂದು ಬಾರಕೋಲು ಸಾಕಾಯಿತು. ಗೋಡೆಗೆ ತೂಗುಬಿಟ್ಟರೆ ಸಜ್ಜಿಕೆಯ ಭಾಗ. ನಟ ಕೈಗೆ ತೆಗೆದುಕೊಂಡು ಬೀಸಿದರೆ ಪರಿಕರ.

ಜಾಸ್ತಿ ದಿನ ಹಿಡಿದದ್ದು ಕ್ಯೂ, ಅಂದರೆ ನಟನಿಗೆ ತನ್ನ ಮಾತು ಶುರು ಮಾಡಲು ಸಿಗುವ ಸುಳಿವು. ಮಕ್ಕಳು ತಮ್ಮ ಮಾತನ್ನಷ್ಟೇ ಬಾಯಿಪಾಠ ಮಾಡುತ್ತಾರೆ. ಎದುರಿನವನ ಮಾತು ಮುಗಿದರೂ ಸುಮ್ನೆ ನಿಂತಿರುತ್ತಾರೆ. ಎದುರಿನವನ ಕೊನೆಯ ಎರಡು ಪದವನ್ನೂ ಕಲಿಯಿರಿ, ಅದೇ ನಿಮ್ಮ ಕ್ಯೂ ಎಂದೆ. ಅಜ್ಜನ ಮೊಮ್ಮಗಳಿಗೆ ತಟ್ಟನೆ ಹೊಳೆಯಿತು: "ಭಾಗವತ ಬಿಟ್ಟಲ್ಲೇ ಹಿಮ್ಮೇಳದವ್ರು ಪದ ಎತ್ಕೊಂತಾರಲ್ರೀ, ಹಂಗ!" ನಾನು ವಾರಗಟ್ಟಲೆ ಹೇಳಿದ್ದಕ್ಕಿಂತ ಆ ಒಂದು ಮಾತು ಚೆನ್ನಾಗಿ ನಾಟಿತು.

ಸ್ವಗತವನ್ನು ಗೊಣಗಾಟ ಅಂದುಕೊಂಡಿದ್ದ ಒಬ್ಬ ಹುಡುಗ. ಪಕ್ಕದಲ್ಲಿರುವ ಪಾತ್ರಕ್ಕೆ ಕೇಳಿಸದಂತೆ ನಟಿಸು, ಆದರೆ ಕೊನೆಯ ಸಾಲಿನಲ್ಲಿ ಕೂತ ಅಮ್ಮನಿಗೆ ಕೇಳಿಸಬೇಕು ಎಂದೆ. ಪಾಪ, ನಾಲ್ಕು ದಿನ ಗಂಟಲು ಹರಿದುಕೊಂಡ.

ನಾಟಕದ ರಾತ್ರಿ ಅವನೇ ಎಡದಿಂದ ಬರುವ ಬದಲು ಬಲದಿಂದ ಬಂದ. ನಡುರಂಗದಲ್ಲಿ ದಾರ ನೋಡಿಕೊಂಡ. ಗರ್ರನೆ ತಿರುಗಿ, ಓಡಿ ಹೋಗಿ, ಎಡದಿಂದ ಮತ್ತೆ ಬಂದ. ಜನ ಹೊಟ್ಟೆ ಹಿಡಿದು ನಕ್ಕರು. ಮರುದಿನ ನಾನು ಬಾಯಿ ತೆರೆಯುವ ಮೊದಲೇ ಹೇಳಿದ: "ಸರ, ಅದು ತಪ್ಪು ಪ್ರವೇಶ ಅಲ್ರೀ, ಹಾಸ್ಯದ ಸೀನು."