ಡಿಸೋಜ ಎಂದು ಟೈಪಿಸಿದರೆ ನಿಮ್ಮ ಫಾರ್ಮ್ ಕೆಡುತ್ತದೆಯೇ?

ಮಂಗಳೂರು ಕಡೆ ಡಿಸೋಜ ಎಂಬ ಹೆಸರು ಎಲ್ಲರಿಗೂ ಗೊತ್ತು. ಇಂಗ್ಲಿಷಿನಲ್ಲಿ ಬರೆಯುವಾಗ ಹಲವರು ‘ಡಿ’ ಆದ ಮೇಲೆ ಒಂದು ಸಿಂಗಲ್ ಕೋಟ್ (') ಹಾಕುತ್ತಾರೆ. ನಿಮ್ಮ ಪಿಎಚ್‌ಪಿ (ವೆಬ್‌ಸೈಟ್ ನಡೆಸುವ ಪ್ರೋಗ್ರಾಮಿಂಗ್ ಭಾಷೆ) ಫಾರ್ಮ್‌ನಲ್ಲಿ ಮೊದಲು ಇದನ್ನೇ ಟೈಪ್ ಮಾಡಿ ನೋಡಿ. ಎರರ್ ಬಂತಾ? ಹಾಗಾದರೆ ಡೇಟಾಬೇಸ್ ಆ ಕೋಟ್ ಕಂಡು ಹೆಸರು ಅಲ್ಲಿಗೇ ಮುಗಿಯಿತು ಅಂದುಕೊಂಡಿದೆ. ಉಳಿದ ‘ಸೋಜ’ವನ್ನು ಕ್ವೆರಿಯ (ಡೇಟಾಬೇಸ್‌ಗೆ ಕೊಡುವ ಆದೇಶದ) ಭಾಗ ಎಂದು ಓದಿದೆ. ಕಿಡಿಗೇಡಿಯೊಬ್ಬ ಅದೇ ಜಾಗದಲ್ಲಿ ನಿಜವಾದ ಕ್ವೆರಿ ಬರೆದರೆ ನಿಮ್ಮ ಡೇಟಾ ಅವನ ಕೈಗೆ ಹೋದಂತೆಯೇ.

ಮೊದಲು ಡೇಟಾಬೇಸ್ ಸರಿಮಾಡೋಣ. ತುಂಬಾ ಜನ ಇಲ್ಲಿ ‘ಆಡ್‌ಸ್ಲ್ಯಾಶಸ್’ ಎಂಬ ಫಂಕ್ಷನ್ ಬಳಸುತ್ತಾರೆ. ಅದು ಸುಮ್ನೆ ಕೋಟ್‌ನಂಥ ಕೆಲವು ಗುರುತುಗಳಿಗೆ ಮೊದಲು ಒಂದು \ ಸೇರಿಸುತ್ತದೆ, ಅಷ್ಟೇ. ಡೇಟಾಬೇಸ್ ಯಾವುದು, ಅದರ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಕೂಡಿಡುವ ಪದ್ಧತಿ) ಯಾವುದು ಎಂದು ಅದಕ್ಕೆ ಗೊತ್ತಿಲ್ಲ. ಹಿಂದೆ ಪಿಎಚ್‌ಪಿಯೇ ‘ಮ್ಯಾಜಿಕ್ ಕೋಟ್ಸ್’ ಹೆಸರಿನಲ್ಲಿ ಈ ಕೆಲಸ ತಾನಾಗಿ ಮಾಡುತ್ತಿತ್ತು. ಪುಟಗಳಲ್ಲಿ ಡಿ\'ಸೋಜ ಎಂದು ಕಾಣುತ್ತಿದ್ದದ್ದು ಅದರಿಂದಲೇ. 2012ರಲ್ಲಿ ಬಂದ ಪಿಎಚ್‌ಪಿ 5.4ರಲ್ಲಿ ಅದನ್ನು ತೆಗೆದುಹಾಕಿದರು, ಒಳ್ಳೆಯದೇ ಆಯಿತು. ಈಗ ಪಿಡಿಒ (ಡೇಟಾಬೇಸ್ ಜೊತೆ ಮಾತಾಡಲು ಪಿಎಚ್‌ಪಿಯಲ್ಲೇ ಇರುವ ಸಾಧನ) ಬಳಸಿ. ಕ್ವೆರಿಯಲ್ಲಿ ಹೆಸರಿನ ಜಾಗಕ್ಕೆ ಒಂದು ? ಇಡಿ, ‘ಪ್ರಿಪೇರ್’ ಮಾಡಿ, ಹೆಸರನ್ನು ‘ಎಕ್ಸಿಕ್ಯೂಟ್’ಗೆ ಕೊಡಿ. ಹೆಸರನ್ನು ನೀವು ಕ್ವೆರಿಗೆ ಅಂಟಿಸುವ ಮಾತೇ ಇಲ್ಲ.

ಆಮೇಲೆ ವೆಬ್ ಪುಟ. ಇಲ್ಲಿ ‘ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್’ ಬೇಕು. < > & " ' ಈ ಐದನ್ನೂ ಅದು ಬ್ರೌಸರ್‌ಗೆ ಬರಿ ಅಕ್ಷರವಾಗಿ ಕಾಣುವಂತೆ ಬದಲಿಸುತ್ತದೆ. ಆದರೆ 8.1ಕ್ಕಿಂತ ಹಳೆಯ ಪಿಎಚ್‌ಪಿ ಇದ್ದರೆ ಹುಷಾರು: ‘ಎಂಟ್ ಕೋಟ್ಸ್’ ಎಂಬ ಫ್ಲ್ಯಾಗ್ (ಹೆಚ್ಚುವರಿ ಆಯ್ಕೆ) ಕೊಡದಿದ್ದರೆ ಸಿಂಗಲ್ ಕೋಟ್ ಹಾಗೆಯೇ ಉಳಿಯುತ್ತದೆ. ಈ ಫಂಕ್ಷನ್ ಅನ್ನು ‘ಎಕೋ’ ಮಾಡುವಾಗ, ಅಂದರೆ ಪುಟಕ್ಕೆ ಬರೆಯುವಾಗ ಮಾತ್ರ ಹಾಕಿ. ಸೇವ್ ಮಾಡುವಾಗಲೂ ಹಾಕಿದರೆ ಎರಡು ಸಲ ಬದಲಾಗಿ, & ಇದ್ದ ಕಡೆ ‘amp;’ ಎಂಬ ಬಾಲ ಬೆಳೆದುಕೊಂಡು ಕಾಣುತ್ತದೆ.

ಲಿಂಕ್‌ನಲ್ಲಿ ಹೋಗುವ ಪದಕ್ಕೆ ‘ರಾಯುಆರ್‌ಎಲ್‌ಎನ್‌ಕೋಡ್’ ಸಾಕು.

ಜಾವಾಸ್ಕ್ರಿಪ್ಟ್‌ಗೆ ಕೊಡುವಾಗ ‘ಜೇಸನ್ ಎನ್‌ಕೋಡ್’. ಕನ್ನಡದವರಿಗೆ ಇಲ್ಲಿ ಗಾಬರಿ ಜಾಸ್ತಿ. ‘ಕ’ ಇದ್ದ ಕಡೆ \ಯು0ಸಿ95 ಎಂದು ಬರುತ್ತದೆ. ಡೇಟಾ ಕೆಟ್ಟಿಲ್ಲ, ಅದು ‘ಕ’ದ ಯೂನಿಕೋಡ್ ನಂಬರ್, ಬ್ರೌಸರ್ ಸರಿಯಾಗಿಯೇ ಓದುತ್ತದೆ. ಕನ್ನಡ ಅಕ್ಷರವೇ ಕಾಣಬೇಕೆಂದರೆ ‘ಜೇಸನ್ ಅನ್‌ಎಸ್ಕೇಪ್ಡ್ ಯೂನಿಕೋಡ್’ ಫ್ಲ್ಯಾಗ್ ಸೇರಿಸಿ.

ಈಗ ಮತ್ತೆ ಫಾರ್ಮ್ ತೆರೆದು ಅದೇ ಹೆಸರನ್ನು ಒಂದು ಬೋಲ್ಡ್ ಟ್ಯಾಗ್‌ನೊಳಗೆ ಟೈಪ್ ಮಾಡಿ. ಪುಟದಲ್ಲಿ ಅಕ್ಷರ ದಪ್ಪಗಾಗದೆ, ಟ್ಯಾಗ್ ಮತ್ತು ಕೋಟ್ ನೀವು ಬರೆದಂತೆಯೇ ಕಾಣಬೇಕು.