ಏಳು ನಿಮಿಷ, ಮೂರು ಅಚ್ಚು ಬೆಲ್ಲ

ಮಂಡ್ಯದ ಸುತ್ತಮುತ್ತ ಆಲೆಮನೆ ನಡೆಸುವ ನಮಗೆ ಪಾಕದ ಹದ ಕಣ್ಣಳತೆಯಲ್ಲೇ ಸಿಗುತ್ತದೆ. ಎದುರಿಗೆ ಕುಳಿತ ಖರೀದಿದಾರರ ಹದ ತಿಳಿಯಲು ಮಾತ್ರ ನನಗೆ ಮೂರು ವರ್ಷ ಹಿಡಿಯಿತು, ಹೆಚ್ಚುಕಡಿಮೆ 40 ಸಾವಿರ ರೂಪಾಯಿ ಕೈಬಿಟ್ಟಿತು.

ಮೊದಲ ಸಲ ಬೆಂಗಳೂರಿನ ಅಂಗಡಿ ಸರಣಿಯೊಂದಕ್ಕೆ 26 ಸ್ಲೈಡ್ ಹೊತ್ತು ಹೋಗಿದ್ದೆ. ಮೈಸೂರಿನಲ್ಲಿ 6 ಸಾವಿರ ಕೊಟ್ಟು ಮಾಡಿಸಿದ್ದು. ಅಜ್ಜನ ಗಾಣ, ವಿಶ್ವೇಶ್ವರಯ್ಯ ನಾಲೆ, ಬೆಂಡೆ ಗಿಡದ ಲೋಳೆಯಿಂದ ರಸದ ಕೊಳೆ ತೆಗೆಯುವ ಬಗೆ, ಎಲ್ಲವೂ ಇತ್ತು. ಒಂಬತ್ತನೆಯ ಸ್ಲೈಡಿಗೆ ಅವರು ದರ ಕೇಳಿದರು. ‘ಅದು ಇಪ್ಪತ್ತೆರಡನೆಯದರಲ್ಲಿ ಬರುತ್ತದೆ ಸರ್’ ಎಂದೆ. ಅವರು ಮೊಬೈಲ್ ಕೈಗೆತ್ತಿಕೊಂಡರು. ಅಲ್ಲಿಗೆ ಮುಗಿಯಿತು. ಮುಂದಿನ ವರ್ಷ 18 ಸಾವಿರದ ವಿಡಿಯೊ ಮಾಡಿಸಿದೆ. ಅದೂ ದಂಡ. ಇಂಗ್ಲಿಷ್ ಭಾಷಣ ಬಾಯಿಪಾಠ ಮಾಡಿಕೊಂಡು ಹೋದಾಗ ನಡುವೆ ಬಂದ ಒಂದೇ ಪ್ರಶ್ನೆಗೆ ಎಳೆ ತಪ್ಪಿತು.

ದಾರಿ ಸಿಕ್ಕಿದ್ದು ಮಂಡ್ಯದ ಎಪಿಎಂಸಿಯಲ್ಲಿ. ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಎಂಬ ರಾಸಾಯನಿಕ ಹಾಕಿದ ಹಳದಿ ಬೆಲ್ಲ ಗೋದಾಮಿನಲ್ಲಿ ಕಪ್ಪಾಗುತ್ತದೆಂದು ವರ್ತಕರೊಬ್ಬರು ಗೊಣಗುತ್ತಿದ್ದರು. ನಮಗೆಲ್ಲ ಗೊತ್ತಿರುವ ಸಂಗತಿಯೇ. ಆದರೆ ಅದನ್ನು ಖರೀದಿದಾರರ ಮೇಜಿನ ಮೇಲಿಟ್ಟವರು ಯಾರೂ ಇರಲಿಲ್ಲ. ‘ಅವರ ಮಾಲಿನ ಹುಳುಕನ್ನು ಅವರೆದುರೇ ತೆಗೆದರೆ ಆರ್ಡರ್ ಕೊಡುತ್ತಾರೆಯೇ?’ ಎಂದು ಭಾವ ತಡೆದರು. ನಾನು ಕೇಳಲಿಲ್ಲ.

ಮುಂದಿನ ಖರೀದಿದಾರರ ಭೇಟಿಗೆ ಎರಡು ತಿಂಗಳ ಮೊದಲೇ ಅವರ ಅಂಗಡಿಯಿಂದ ಒಂದು ಅಚ್ಚು ಕೊಂಡು, ಅಂದೇ ತೆಗೆದ ನಮ್ಮ ಅಚ್ಚಿನ ಜೊತೆ ಒಂದೇ ಡಬ್ಬಿಯಲ್ಲಿಟ್ಟೆ. ಭೇಟಿಯ ಬೆಳಿಗ್ಗೆ ಅಲ್ಲಿಂದಲೇ ಇನ್ನೊಂದು ತಂದೆ. ಸ್ಟೀಲ್ ತಟ್ಟೆಯಲ್ಲಿ ಮೂರನ್ನೂ ಸಾಲಾಗಿಟ್ಟು, ಅಡಿಯಲ್ಲಿ ಬಿಲ್ಲು ಸಿಕ್ಕಿಸಿ, ಸುಮ್ಮನೆ ಕುಳಿತೆ. ಈ ಮೌನವೇ ಕಷ್ಟ, ಬಾಯಿ ತುರಿಸುತ್ತದೆ. ಅವರು ಕಪ್ಪಾದ ಅಚ್ಚನ್ನು ಉಗುರಿನಿಂದ ಕೆರೆದು, ಬಿಲ್ಲು ಓದಿ, ‘ಇದು ನಮ್ಮದೇ?’ ಎಂದರು. ನಮ್ಮದೂ ತುಸು ಬಣ್ಣ ತಿರುಗಿತ್ತು, ಅದನ್ನು ನಾನೇ ತೋರಿಸಿದೆ. ಬಳಿಕ ಒಂದೇ ಸ್ಲೈಡ್: ಅವರ ಬಾಗಿಲಿಗೆ ತಲುಪಿಸುವ ದರ. ಅದಾದ ಮೇಲೆ ಬಿ ಕೀಲಿ ಒತ್ತಿ ಪರದೆ ಕಪ್ಪು ಮಾಡಿ, ತಿಂಗಳಿಗೆ ಎಷ್ಟು ಕಿಲೋ ವಾಪಸು ಬರುತ್ತದೆಂದು ಕೇಳಿ, ಹಾಳೆ ಅವರತ್ತ ಸರಿಸಿದೆ. ನಷ್ಟದ ಲೆಕ್ಕವನ್ನು ಅವರ ಪೆನ್ನಿನಲ್ಲಿ ಅವರೇ ಬರೆದರು. ನಾನು ಹೇಳಿದ್ದರೆ ಚೌಕಾಸಿ ಮಾಡುತ್ತಿದ್ದರು.

ಒಟ್ಟು ಏಳು ನಿಮಿಷ. ಮೊದಲ ಆರ್ಡರ್ 300 ಕಿಲೋ ಇರಬೇಕು. ಈಗ ತಿಂಗಳಿಗೆ ಎರಡು ಟನ್ನಿನ ಆಸುಪಾಸು. ನಮ್ಮ ಕಡೆಯ ಆಲೆಮನೆಯವರಲ್ಲಿ ದಲ್ಲಾಳಿಯಿಲ್ಲದೆ ಇಷ್ಟು ಮಾಲು ಕಳಿಸುವವರು ಹೆಚ್ಚಿಲ್ಲ.

ಮೈಸೂರಿನ ಹೋಟೆಲೊಂದರಲ್ಲಿ ತಟ್ಟೆಯ ಬದಲು ಹಾಲು ಇಟ್ಟು ನೋಡಿದೆ. ಅಡುಗೆಯವರಿಗೆ ಬಣ್ಣಕ್ಕಿಂತ ಹಾಲು ಒಡೆಯದಿರುವುದು ಮುಖ್ಯ. ಕುದಿಯುವ ಹಾಲಿಗೇ ಬೆಲ್ಲ ಹಾಕಿದೆ, ಎಲ್ಲರೆದುರು ಒಡೆಯಿತು. ಎರಡನೆಯ ಸಲ ಒಲೆಯಿಂದಿಳಿಸಿ, ಆರಿಸಿ ಹಾಕಿದೆ. ಉಳಿಯಿತು, ಆರ್ಡರೂ ಬಂತು. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ ಕೇಂದ್ರ ಸರ್ಕಾರ ತಂದ ಪಿಎಂಎಫ್‌ಎಂಇ ಯೋಜನೆಯ ಸಾಲಕ್ಕೆ ಬ್ಯಾಂಕಿಗೆ ಹೋದಾಗ ಬೆಲ್ಲ ಕೆಲಸಕ್ಕೆ ಬರಲಿಲ್ಲ. ಅವರಿಗೆ ಬೇಕಿದ್ದದ್ದು ಕಬ್ಬು ಅರೆಯದ ತಿಂಗಳುಗಳಲ್ಲಿ ಕಂತು ಹೇಗೆ ಕಟ್ಟುತ್ತೇನೆಂಬ ಒಂದು ಪುಟ.

ಹೊರಡುವಾಗ ಬಾಗಿಲ ಬಳಿ ನಾನು ಕೇಳುವ ಒಂದು ಪ್ರಶ್ನೆಯಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮುಂದಿನ ಭೇಟಿ ಮೈಸೂರಿನ ಸಿಹಿತಿಂಡಿ ತಯಾರಕರೊಬ್ಬರದು. ಅವರು ಬಳಸುವ ಬೆಲ್ಲ ಬಿಲ್ಲಿನ ಸಮೇತ ನಮ್ಮ ಅಟ್ಟದ ಡಬ್ಬಿ ಸೇರಿ ಐದು ವಾರವಾಯಿತು.