ಪಾರ್ಟ್ನರ್‌ಶಿಪ್ ಮಾಡೋದು ಹೇಗೆ: ಸೇರೋಕೆ ಮುಂಚೆನೇ ಬಿಡೋ ಮಾತೂ ಆಡ್ಕೊಂಬಿಡಿ

ಕೋಲಾರದ ಕಡೆ ಪಾಲಿಗೆ ಮಾಡೋದು ಯಾರಿಗೂ ಹೊಸ್ದಲ್ಲ. ಒಬ್ರದು ಜಮೀನು, ಬೋರ್‌ವೆಲ್ ನೀರು, ಇನ್ನೊಬ್ರದು ದುಡಿಮೆ, ನಾರು (ಅಂದ್ರೆ ಸಸಿ), ಕಡ್ಡಿ, ಡ್ರಿಪ್, ಔಷಧಿ ಖರ್ಚು ಅರ್ಧ ಅರ್ಧ, ಬಂದಿದ್ದೂ ಅರ್ಧ ಅರ್ಧ, ಎಲ್ಲಾ ಬಾಯಿಮಾತಲ್ಲೇ. ರೇಟ್ ಬಿದ್ದೋದ ವರ್ಷ ಟೊಮೇಟೊನ ರೋಡ್ ಪಕ್ಕ ಸುರಿದು, ಇಬ್ರೂ ಸೇರಿ ಸರ್ಕಾರನ ಬೈಕೊಂಡು ಮನೆಗೆ ಹೋಗ್ತಾರೆ, ಜಗಳ ಏನೂ ಇರಲ್ಲ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು 2000 ರೂಪಾಯಿ ದಾಟ್ತಲ್ಲ, ಅಂಥ ವರ್ಷನೇ ನೋಡಿ ನೀರಿಗೆಷ್ಟು ಪಾಲು, ಮಂಡಿಗೆ ಹೋದ ಬಾಕ್ಸೆಷ್ಟು, ಬಿಲ್ಲಲ್ಲಿರೋದೆಷ್ಟು ಅನ್ನೋ ಪ್ರಶ್ನೆ ಎಲ್ಲಾ ಎದ್ದು ಕೂರೋದು. ಅದಕ್ಕೆ ದುಡ್ಡು ಬರೋಕೆ ಮುಂಚೆನೇ ಮಾಡ್ಕೋಬೇಕಾದ ಕೆಲ್ಸಗಳು ಇವು.

ಮೊದ್ಲು, ಯಾರು ಏನು ಹಾಕ್ತಿದೀರ ಅಂತ ಒಂದು ಹಾಳೆ ಮೇಲೆ ಬರೀರಿ. ದುಡ್ಡು ಬರೆಯೋದು ಸುಲಭ, ಎಲ್ರೂ ಮರೆಯೋದು ದುಡಿಮೆನ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ಪ್ರಕಾರ ಒಪ್ಪಂದದಲ್ಲಿ ಬರೆದಿಲ್ಲ ಅಂದ್ರೆ ಲಾಭ ನಷ್ಟ ಎರಡೂ ಸಮಪಾಲು, ಮತ್ತೆ ಕೆಲ್ಸ ಮಾಡಿದ್ದಕ್ಕೆ ಸಂಬಳ ಕೇಳೋ ಹಾಗಿಲ್ಲ. ಅಂದ್ರೆ ನೀವು ಬೆಳಗ್ಗೆಯಿಂದ ರಾತ್ರಿ ತನಕ ಅಂಗಡೀಲಿ ನಿಂತಿದ್ರೂ, ಬರೀ ದುಡ್ಡು ಹಾಕಿ ಮನೇಲಿ ಕೂತ ಪಾರ್ಟ್ನರ್‌ಗೂ ನಿಮಗೂ ಒಂದೇ ಲೆಕ್ಕ. ಇದು ಎಷ್ಟೋ ಜನಕ್ಕೆ ಗೊತ್ತಾಗೋದು ವಕೀಲರ ಮುಂದೆ ಕೂತಾಗ್ಲೇ. ದುಡಿಯೋ ಪಾರ್ಟ್ನರ್‌ಗೆ ತಿಂಗಳಿಗೆ ಇಷ್ಟು ಅಂತ ಮೊದ್ಲೇ ಬರೆಸಿಬಿಡಿ, ಲಾಭ ಹಂಚೋದು ಅದಾದ್ಮೇಲೆ.

ಇದೇ ಮಾತು ಮನೆಗೂ ಹೇಳ್ಬೇಕು. ಚಿಂತಾಮಣಿ ಕಡೆ ಗಂಡ ಹೆಂಡ್ತಿ ಸೇರಿ ನಡೆಸೋ ಟಿಫನ್ ಹೋಟ್ಲು ಎಷ್ಟಿಲ್ಲ, ನಾಲ್ಕು ಗಂಟೆಗೆ ಎದ್ದು ಇಡ್ಲಿ ಹಾಕೋದು ಆಕೆ, ಗಲ್ಲಾಪೆಟ್ಟಿಗೆ ಆತನ ಕೈಲಿ, ಬ್ಯಾಂಕ್ ಅಕೌಂಟೂ ಆತನ ಹೆಸ್ರಲ್ಲಿ, ಯಾರಾದ್ರೂ ಕೇಳಿದ್ರೆ "ನಮ್ಮನೆಯೋಳು ಸ್ವಲ್ಪ ಹೆಲ್ಪ್ ಮಾಡ್ತಾಳೆ" ಅಂತಾನೆ. ಸ್ವಲ್ಪ ಅಂತೆ! ಆಕೆ ಒಂದು ವಾರ ತವರಿಗೆ ಹೋದ್ರೆ ಹೋಟ್ಲೇ ಬಾಗಿಲು ಹಾಕುತ್ತೆ. ಒಂದು ಜಾಯಿಂಟ್ ಅಕೌಂಟ್ ಮಾಡ್ಸಿ, ಇಬ್ರಲ್ಲಿ ಯಾರು ಬೇಕಾದ್ರೂ ನಡೆಸೋ ಥರ ಬ್ಯಾಂಕಿನವ್ರೇ ಮಾಡ್ಕೊಡ್ತಾರೆ.

ಎರಡನೇದು ಲೆಕ್ಕ, ಮುಕ್ಕಾಲು ಪಾರ್ಟ್ನರ್‌ಶಿಪ್ ಮುರಿಯೋದು ಇಲ್ಲೇ ಅಂತ ನನ್ನ ಅನಿಸಿಕೆ. ಕಳ್ಳತನ ಆಗೇ ಇರಲ್ಲ, ಲೆಕ್ಕ ಕೇಳಿದ್ರೆ ಬೇಜಾರ್ ಮಾಡ್ಕೋತಾನೇನೋ ಅಂತ ಒಬ್ಬ ಕೇಳಲ್ಲ, ಕೇಳ್ಲಿಲ್ವಲ್ಲ ಅಂತ ಇನ್ನೊಬ್ಬ ಹೇಳಲ್ಲ, ಎರಡು ವರ್ಷ ಹಿಂಗೇ ಕಳೆದು ಒಂದಿನ ಯಾರೋ ಮೂರನೆಯವ್ರು "ನಿನ್ ಪಾರ್ಟ್ನರ್ ಹೊಸ ಸೈಟ್ ತಗೊಂಡ್ನಂತೆ" ಅಂದ್ರೆ ಮುಗೀತು. ಫರ್ಮಿನ ಪುಸ್ತಕ ನೋಡೋ, ಕಾಪಿ ತಗೊಳ್ಳೋ ಹಕ್ಕು ಪ್ರತಿ ಪಾಲುದಾರನಿಗೂ ಕಾಯ್ದೆನೇ ಕೊಟ್ಟಿದೆ, ಹಂಗಾಗಿ ಕೇಳೋಕೆ ಸಂಕೋಚ ಯಾಕೆ. ಫರ್ಮ್ ಹೆಸ್ರಲ್ಲೇ ಪ್ಯಾನ್, ಫರ್ಮ್ ಹೆಸ್ರಲ್ಲೇ ಅಕೌಂಟ್, ಅಂಗಡಿ ಮುಂದಿನ ಕ್ಯೂಆರ್ ಕೋಡು ಅದೇ ಅಕೌಂಟಿಗೆ. ಒಬ್ರ ಪರ್ಸನಲ್ ನಂಬರಿನ ಕ್ಯೂಆರ್ ಅಂಟಿಸಿದ್ರೆ ಮಗಳ ಸ್ಕೂಲ್ ಫೀಸೂ ಅಂಗಡಿ ದುಡ್ಡೂ ಹಾಲು ನೀರು ಬೆರೆತಂಗೆ ಆಗೋಗುತ್ತೆ, ಆಮೇಲೆ ಯಾವ ಆಡಿಟರ್ ಬಂದ್ರೂ ಬೇರೆ ಮಾಡೋಕಾಗಲ್ಲ. ವಾರಕ್ಕೊಂದಿನ ಗೊತ್ತು ಮಾಡ್ಕೊಂಡು ಇಬ್ರೂ ಕೂತು ನೋಡಿ, ವ್ಯಾಪಾರ ಇಲ್ಲದ ವಾರಾನೂ ಕೂರಿ.

ಜಮೀನು ಪಾಲಿಗೆ ಕೊಡೋರಿಗೆ ಒಂದು ತೊಡಕಿದೆ. 1974ರ ಭೂ ಸುಧಾರಣೆ ತಿದ್ದುಪಡಿ ಬಂದ್ಮೇಲೆ ಗೇಣಿ ಪದ್ಧತಿನೇ ರದ್ದಾಗಿದೆ, ಬರೆದುಕೊಟ್ರೆ ಅದು ಗೇಣಿ ಅಂತ ಆಗಿಬಿಡುತ್ತೇನೋ ಅನ್ನೋ ಭಯಕ್ಕೆ ಜಮೀನಿನವ್ರು ಏನೂ ಬರೆದುಕೊಡಲ್ಲ. ಅಂಥ ಕಡೆ ಖರ್ಚಿನ ನೋಟ್‌ಬುಕ್ಕು, ಮಂಡಿ ಬಿಲ್ಲಿನ ಫೋಟೋ ಇಬ್ರ ಫೋನಲ್ಲೂ ಇರ್ಲಿ, ಅಷ್ಟಾದ್ರೂ ಆಗ್ಲಿ.

ಮೂರನೇದು ಸಾಲ, ಸೈನು. ಫರ್ಮ್ ಕೆಲ್ಸಕ್ಕೆ ಅಂತ ಪಾರ್ಟ್ನರ್ ಮಾಡಿದ ಸಾಲಕ್ಕೆ ನಿಮ್ಮ ಸ್ವಂತ ಆಸ್ತಿನೂ ಜವಾಬ್ದಾರಿ, ಸಾಲ ಕೊಟ್ಟವ್ನು ಪೂರ್ತಿ ದುಡ್ಡನ್ನ ನಿಮ್ಮೊಬ್ಬರ ಹತ್ರಾನೇ ಕೇಳ್ಬೋದು. ಇದು ಬೇಡ ಅಂದ್ರೆ 2008ರ ಕಾಯ್ದೆಯಲ್ಲಿ ಬಂದ ಸೀಮಿತ ಹೊಣೆ ಪಾಲುದಾರಿಕೆ, ಅಂದ್ರೆ ಎಲ್‌ಎಲ್‌ಪಿ ಇದೆ, ಅದರಲ್ಲಿ ಹೊಣೆ ಸೀಮಿತ, ಆದ್ರೆ ಪೇಪರ್ ಕೆಲ್ಸ ಜಾಸ್ತಿ. ಇಷ್ಟು ಮೊತ್ತದ ಮೇಲಿನ ಚೆಕ್ಕಿಗೆ ಇಬ್ರ ಸೈನೂ ಬೇಕು ಅಂತ ಬ್ಯಾಂಕಿಗೆ ಬರೆದುಕೊಡಿ. ಮನೇಲೂ ಅಷ್ಟೇ, ಸ್ನೇಹಿತನ ಚೀಟಿಗೆ ಜಾಮೀನು ಹಾಕೋಕೆ ಮುಂಚೆ ಹೆಂಡ್ತಿಗೆ ಹೇಳಿ, ಆಮೇಲೆ ಗೊತ್ತಾದ್ರೆ ದುಡ್ಡಿಗಿಂತ ಮುಚ್ಚಿಟ್ಟಿದ್ದೇ ದೊಡ್ಡ ಜಗಳ.

ನಾಲ್ಕನೇದು ರಿಜಿಸ್ಟ್ರೇಷನ್. ಕಡ್ಡಾಯ ಏನಿಲ್ಲ, ಆದ್ರೆ ನೋಂದಣಿ ಆಗದ ಫರ್ಮು ಬಾಕಿ ಉಳಿಸ್ಕೊಂಡ ಗಿರಾಕಿ ಮೇಲೆ ಕೋರ್ಟಲ್ಲಿ ದಾವೆ ಹೂಡೋಕಾಗಲ್ಲ, ಆತ ಮಾತ್ರ ನಿಮ್ಮ ಮೇಲೆ ಹೂಡ್ಬೋದು. ಮಾಡ್ಸಿಬಿಡಿ.

ಕೊನೇದು, ಯಾರೂ ಬಾಯಿ ಬಿಡದ ವಿಷ್ಯ, ಬಿಡೋದು ಹೆಂಗೆ. ಹುಟ್ಟುತ್ತಾ ಅಣ್ಣತಮ್ಮಂದಿರು ಬೆಳೆಯುತ್ತಾ ದಾಯಾದಿಗಳು ಅಂತ ಗೊತ್ತಿದ್ದೂ, ಅಣ್ಣತಮ್ಮಂದಿರು ಅಂಗಡಿ ಪೂಜೆ ದಿನ ಈ ಮಾತೆತ್ತಿದ್ರೆ ಅಪಶಕುನ ಅಂತಾರೆ. ಅಪಶಕುನ ಅಂದ್ರೆ ಪೂಜೆಗೆ ಒಂದು ವಾರ ಮುಂಚೆ ಮಾತಾಡಿ. ಅವಧಿ ಬರೆದಿಲ್ಲ ಅಂದ್ರೆ ಒಬ್ಬ ಪಾರ್ಟ್ನರ್ ಬರೀ ಒಂದು ಲಿಖಿತ ನೋಟಿಸ್ ಕೊಟ್ಟು ಫರ್ಮ್ ಮುಗಿಸ್ಬೋದು, ಯಾರಾದ್ರೂ ತೀರ್ಕೊಂಡ್ರೂ ಸಾಮಾನ್ಯವಾಗಿ ಫರ್ಮ್ ಮುಗ್ದಂಗೆ. ಹೊರಗೆ ಹೋಗೋನಿಗೆ ದುಡ್ಡು ಎಷ್ಟು ಕಂತಲ್ಲಿ, ಸ್ಟಾಕಿಗೆ ಬೆಲೆ ಕಟ್ಟೋರು ಯಾರು, ಅಂಗಡಿ ಅಡ್ವಾನ್ಸ್ ಯಾರಿಗೆ ವಾಪಸ್, ಬೋರ್ಡಿನ ಹೆಸ್ರು ಯಾರಿಗೆ, ಗಿರಾಕಿಗಳು ಫೋನ್ ಮಾಡೋ ಆ ನಂಬರ್ ಯಾರ ಹತ್ರ ಉಳಿಯುತ್ತೆ, ಇಷ್ಟೂ ಡೀಡಲ್ಲಿ, ಅಂದ್ರೆ ಪಾಲುದಾರಿಕೆ ಒಪ್ಪಂದ ಪತ್ರದಲ್ಲಿ, ಬರೆಸಿ. ನಂಬರ್ ಒಂದನ್ನಂತೂ ಮರೀಬೇಡಿ, ಬೋರ್ಡ್ ಹೊಸ್ದು ಬರೆಸ್ಬೋದು, ಹತ್ತು ವರ್ಷದಿಂದ ಗಿರಾಕಿಗಳ ಫೋನಲ್ಲಿ ಸೇವ್ ಆಗಿರೋ ನಂಬರ್ ಹೊಸ್ದಾಗಿ ಸಿಗಲ್ಲ.